ಕಾಯಿದೆಯ ಕಾಠಿಣ್ಯವೂ ರಸ್ತೆಯ ಸಾವುಗಳೂ

ರಸ್ತೆಯಲ್ಲಿ ಮೋಟಾರು ಗಾಡಿಯೊಂದು ದಾರಿಹೋಕನನ್ನು ಕೆಡಹಿತೆಂದರೆ, ಅಲ್ಲಿ ನೆರೆದ ಜನರ ಬಾಯಿಂದ ಸಾಮಾನ್ಯವಾಗಿ ಹೊರಡುವ ಮಾತು ಒಂದೇ: "ಇಂಥವರಿಗೆ ಇನ್ನೂ ಬಲವಾದ ಶಿಕ್ಷೆಯಾಗಬೇಕು." ಈ ಮಾತು ಸಹಜವಾದದ್ದು, ಕಣ್ಣೆದುರಿಗೆ ರಕ್ತವನ್ನು ಕಂಡವರು ಬೇರೇನನ್ನು ಹೇಳಿಯಾರು? ಈ ಕೂಗು ಬಲವಾದಾಗ ಶಾಸನಸಭೆಗಳೂ ಕಿವಿಗೊಡುತ್ತವೆ. ನೂರು ರೂಪಾಯಿನ ಜುಲ್ಮಾನೆ ಸಾವಿರವಾಗುತ್ತದೆ. ಜುಲ್ಮಾನೆಯಿದ್ದ ಕಡೆ ಸೆರೆವಾಸವೂ ಸೇರಿಕೊಳ್ಳುತ್ತದೆ. ಅದರಿಂದ ರಸ್ತೆಯಲ್ಲಿ ಸಾಯುವವರ, ಕೈಕಾಲು ಮುರಿದುಕೊಳ್ಳುವವರ ಸಂಖ್ಯೆ ನಿಜವಾಗಿ ಇಳಿಯುತ್ತದೆಯೆ? ಇಳಿದರೆ ಎಷ್ಟು, ಎಷ್ಟು ಕಾಲ, ಮತ್ತು ಕಾಯಿದೆಯ ಯಾವ ಗುಣದಿಂದ? ಈ ಪ್ರಶ್ನೆಗಳಿಗೆ ಕೋಪದಿಂದಲ್ಲದೆ ಲೆಕ್ಕದಿಂದ ಉತ್ತರ ದೊರೆಯುವುದೆ ಎಂಬುದನ್ನು ನಾವು ಈ ಹೊತ್ತು ವಿಚಾರಮಾಡೋಣ.

ಮೊದಲು ಇಂಗ್ಲೆಂಡಿನ ಒಂದು ಹಳೆಯ ಸಂಗತಿ. ಆ ದೇಶದಲ್ಲಿ ೧೯೩೦ರ ಕಾಯಿದೆಯು ಮೋಟಾರು ಕಾರುಗಳಿಗೆ ಇದ್ದ ವೇಗದ ಮಿತಿಯನ್ನೇ ತೆಗೆದುಹಾಕಿತು. ೧೯೩೪ರಲ್ಲಿ ಅಲ್ಲಿಯ ರಸ್ತೆಗಳಲ್ಲಿ ೭,೩೪೩ ಮಂದಿ ಸತ್ತರು. ಊರುಗಳ ಒಳಗಾದರೂ ಮಿತಿಯನ್ನು ಮತ್ತೆ ತರಬೇಕೆಂಬ ಮಸೂದೆ ಆ ವರ್ಷ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬಂದಾಗ, ಮೂರ್ ಬ್ರಬಜನ್ ಎಂಬ ಸದಸ್ಯರು ಅದನ್ನು ವಿರೋಧಿಸಿದರು. ವರ್ಷಕ್ಕೆ ಆರು ಸಾವಿರ ಜನ ಆತ್ಮಹತ್ಯೆ ಮಾಡಿಕೊಳ್ಳುವರು, ಅದಕ್ಕೆ ಯಾರೂ ಗದ್ದಲವೆಬ್ಬಿಸುವುದಿಲ್ಲವೆಂದರು. ಹಿಂದಿನ ದಿನಗಳಲ್ಲಿ ಎಷ್ಟೋ ಕೋಳಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು, ಈಗ ನಾಯಿಗಳು ಕೂಡ ದಾರಿಬಿಡುವುದನ್ನು ಕಲಿತುಕೊಂಡಿವೆ ಎಂಬ ಭಾವದಲ್ಲಿ ಮಾತನಾಡಿದರು. ಮಸೂದೆ ಮಾತ್ರ ಅಂಗೀಕೃತವಾಯಿತು. ೧೯೩೫ರ ಮಾರ್ಚ್ ತಿಂಗಳಿನಿಂದ ಜನವಸತಿಯಿದ್ದಲ್ಲಿ ಗಂಟೆಗೆ ೩೦ ಮೈಲಿಯ ಮಿತಿ ಬಂದಿತು. ಜೂನ್ ತಿಂಗಳಿನಿಂದ ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾಯಿತು. ಆ ವರ್ಷ ಸತ್ತವರು ೬,೫೦೨. ಕೋಳಿ ನಾಯಿಗಳ ವಿದ್ಯಾಭ್ಯಾಸವನ್ನು ನಂಬಿ ಕುಳಿತಿದ್ದರೆ ಒಂದೇ ವರ್ಷದಲ್ಲಿ ಎಂಟುನೂರಕ್ಕೆ ಮಿಕ್ಕ ಜನ ಉಳಿಯುತ್ತಿದ್ದರೆಂದು ನಮಗೆ ತೋರುವುದಿಲ್ಲ.

ಹೀಗೆ ಹೇಳಿದೆವಾದರೂ, ಎರಡು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕಾಯಿದೆಗೆ ಜಯಮಾಲೆ ತೊಡಿಸುವುದು ಅಪಾಯದ ಕೆಲಸ. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಅಮೆರಿಕಾ ದೇಶದ ಕನೆಕ್ಟಿಕಟ್ ಎಂಬ ಪುಟ್ಟ ಸಂಸ್ಥಾನ. ೧೯೫೫ರಲ್ಲಿ ಅಲ್ಲಿಯ ರಸ್ತೆಗಳಲ್ಲಿ ೩೨೪ ಮಂದಿ ಸತ್ತರು. ಗವರ್ನರ್ ರಿಬಿಕಾಫ್ ಅವರು ಮನನೊಂದು, ಅತಿವೇಗದಲ್ಲಿ ಸಿಕ್ಕಿಬಿದ್ದವನ ಲೈಸೆನ್ಸನ್ನು ಮೊದಲ ತಪ್ಪಿಗೇ ಒಂದು ತಿಂಗಳು, ಎರಡನೆಯ ತಪ್ಪಿಗೆ ಎರಡು ತಿಂಗಳು ಕಿತ್ತುಕೊಳ್ಳತಕ್ಕದ್ದೆಂದು ವಿಧಿಸಿದರು. ೧೯೫೬ರಲ್ಲಿ ಸಾವುಗಳು ೨೮೪ಕ್ಕೆ ಇಳಿದವು. ನಲವತ್ತು ಜೀವಗಳು ಉಳಿದವು, ಕಾರ್ಯಕ್ರಮ ಸಾರ್ಥಕವಾಯಿತೆಂದು ಗವರ್ನರು ಹೇಳಿದರು. ಪತ್ರಿಕೆಗಳನ್ನು ಓದಿದವರಿಗೂ ಹಾಗೆಯೇ ತೋರಿರಬೇಕು.

ಕ್ಯಾಂಬೆಲ್, ರಾಸ್ ಎಂಬ ಇಬ್ಬರು ವಿದ್ವಾಂಸರು ೧೯೬೮ರಲ್ಲಿ ಈ ಲೆಕ್ಕವನ್ನು ಮತ್ತೆ ತೆಗೆದು ನೋಡಿದರು. ಅವರು ಮಾಡಿದ್ದು ಸರಳವಾದ ಕೆಲಸ: ಎರಡು ವರ್ಷಗಳನ್ನಲ್ಲ, ಹಿಂದು ಮುಂದಿನ ಹಲವು ವರ್ಷಗಳನ್ನು ಸಾಲಾಗಿ ಬರೆದರು, ನೆರೆಯ ಸಂಸ್ಥಾನಗಳ ಅಂಕಿಗಳನ್ನೂ ಪಕ್ಕದಲ್ಲಿಟ್ಟರು. ಆಗ ೧೯೫೫ನೆಯ ಇಸವಿಯೇ ಅಸಾಧಾರಣವಾಗಿ ಕೆಟ್ಟ ವರ್ಷವೆಂಬುದು ಕಣ್ಣಿಗೆ ಬಿದ್ದಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕಾವೇರಿಯಲ್ಲಿ ಒಂದು ವರ್ಷ ಎಂದೂ ಕಾಣದ ಪ್ರವಾಹ ಬಂದಿತೆನ್ನಿ. ದಡದ ಊರಿನವರು ಗಾಬರಿಗೊಂಡು ಶಾಂತಿ ಹೋಮಗಳನ್ನು ಮಾಡಿಸುತ್ತಾರೆ. ಮರುವರ್ಷ ಹೊಳೆ ಸಾಧಾರಣವಾಗಿ ಹರಿಯುತ್ತದೆ. ಹೋಮ ಫಲಿಸಿತೆನ್ನುವುದು ಭಕ್ತಿಯ ಮಾತು. ಮಹಾಪ್ರವಾಹದ ಮರುವರ್ಷ ಸಾಧಾರಣ ಪ್ರವಾಹ ಬರುವುದು ಹೆಚ್ಚು ಸಂಭವವೆಂಬುದು ಲೆಕ್ಕದ ಮಾತು. ಕಠಿಣವಾದ ಕಾಯಿದೆಗಳು ಹುಟ್ಟುವುದು ಬಹುಮಟ್ಟಿಗೆ ಇಂಥ ಕೆಟ್ಟ ವರ್ಷಗಳ ತರುವಾಯವೇ ಆದ್ದರಿಂದ, ಅವುಗಳಿಗೆ ಸಲ್ಲದ ಕೀರ್ತಿ ಸುಲಭವಾಗಿ ಸಂದುಬಿಡುತ್ತದೆ. ಕಾಯಿದೆಯಿಂದ ಏನೂ ಆಗಲಿಲ್ಲವೆಂದು ಆ ವಿದ್ವಾಂಸರು ಹೇಳಲಿಲ್ಲ. ನಲವತ್ತು ಜೀವಗಳನ್ನೂ ಅದರ ಲೆಕ್ಕಕ್ಕೆ ಬರೆಯಲಾಗದೆಂದು ಮಾತ್ರ ಹೇಳಿದರು. ಇನ್ನೊಂದು ವಿಶೇಷವನ್ನೂ ಅವರು ಕಂಡರು. ಶಿಕ್ಷೆ ಬಲವಾದ ಮೇಲೆ ಅತಿವೇಗದ ಆಪಾದನೆಗಳೇ ಕಡಮೆಯಾದವು. ನ್ಯಾಯಸ್ಥಾನಗಳಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾಗುವವರು ಹೆಚ್ಚಿದರು. ಲೈಸೆನ್ಸು ಕಳೆದುಕೊಂಡೂ ಗಾಡಿ ನಡೆಸುವವರು ಹೆಚ್ಚಿದರು. ಈ ಸಂಗತಿಗೆ ನಾವು ಮುಂದೆ ತಿರುಗಿ ಬರುತ್ತೇವೆ.

ಹಾಗಾದರೆ ಕಾಯಿದೆಯ ಫಲವನ್ನು ನಂಬಿಕೆಯಿಂದ ಅಳೆಯುವ ಬಗೆ ಯಾವುದು? ಕಾಯಿದೆ ಮುಟ್ಟಬೇಕಾದ ಗಳಿಗೆಗಳನ್ನೂ, ಮುಟ್ಟಲಾಗದ ಗಳಿಗೆಗಳನ್ನೂ ಬೇರೆಬೇರೆಯಾಗಿ ಎಣಿಸುವುದೇ ಒಂದು ಬಗೆ. ಇದಕ್ಕೆ ಬ್ರಿಟನ್ನಿನ ೧೯೬೭ರ ರಸ್ತೆ ಸುರಕ್ಷತಾ ಕಾಯಿದೆಯಷ್ಟು ಒಳ್ಳೆಯ ಉದಾಹರಣೆ ಮತ್ತೊಂದನ್ನು ನಾವು ಕಾಣೆವು. ಆದಕಾರಣ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಅಲ್ಲಿಯ ತನಕ ಕುಡಿದು ಗಾಡಿ ನಡೆಸಿದವನ ಮೇಲೆ ಅಪರಾಧವನ್ನು ಸ್ಥಾಪಿಸುವುದು ಕಷ್ಟವಾಗಿದ್ದಿತು. ಅವನು ಗಾಡಿ ನಡೆಸಲು ಅಶಕ್ತನಾಗಿದ್ದನೆಂಬುದನ್ನು ಅವನ ನಡಿಗೆ, ಮಾತು, ಮುಖಭಾವಗಳಿಂದ ತೋರಿಸಬೇಕಾಗಿದ್ದಿತು. ಜಾಣ ವಕೀಲನಿಗೆ ಅಲ್ಲಿ ಬೇಕಾದಷ್ಟು ಎಡೆ ದೊರೆಯುತ್ತಿತ್ತು. ಹೊಸ ಕಾಯಿದೆ ಅಪರಾಧವನ್ನು ಒಂದು ಅಂಕಿಗೆ ಇಳಿಸಿತು. ನೂರು ಮಿಲಿಲೀಟರು ರಕ್ತದಲ್ಲಿ ೮೦ ಮಿಲಿಗ್ರಾಮಿಗೆ ಮೀರಿ ಮದ್ಯಸಾರವಿದ್ದರೆ ಅಪರಾಧ, ಇಲ್ಲದಿದ್ದರೆ ಇಲ್ಲ. ಪೋಲೀಸಿನವರು ಗಾಜಿನ ಕೊಳವೆಯೊಂದನ್ನು ಕೊಟ್ಟು ಚೀಲಕ್ಕೆ ಊದಿಸುವರು. ಉಸಿರಿನಲ್ಲಿ ಮದ್ಯವಿದ್ದರೆ ಕೊಳವೆಯೊಳಗಿನ ಹಳದಿ ಹರಳುಗಳು ಹಸುರಿಗೆ ತಿರುಗುವವು. ತರುವಾಯ ಠಾಣೆಯಲ್ಲಿ ರಕ್ತಪರೀಕ್ಷೆ. ಅಪರಾಧ ಸಿದ್ಧವಾದರೆ ಒಂದು ವರ್ಷ ಗಾಡಿ ನಡೆಸುವ ಹಕ್ಕು ಹೋಯಿತು. ಇಲ್ಲಿ ಬದಲಾದದ್ದು ಶಿಕ್ಷೆಗಿಂತ ಹೆಚ್ಚಾಗಿ ಸಾಕ್ಷ್ಯದ ರೀತಿಯೆಂಬುದನ್ನು ಗಮನಿಸಬೇಕು. ಇದನ್ನು ತಂದ ಸಚಿವೆ ಬಾರ್ಬರಾ ಕಾಸಲ್ ಅವರಿಗೆ ಸ್ವತಃ ಗಾಡಿ ನಡೆಸಲು ಬರುತ್ತಿರಲಿಲ್ಲ. ಪಾನಗೃಹಗಳ ಒಡೆಯರ ಕೋಪ, ಬೈಗುಳದ ಕಾಗದಗಳು, ಹೆಂಗಸಿಗೆ ಇದೆಲ್ಲ ಏನು ತಿಳಿಯುತ್ತದೆಂಬ ಹಳಿವು, ಇವೆಲ್ಲವನ್ನೂ ಅವರು ಸಹಿಸಿಕೊಳ್ಳಬೇಕಾಯಿತು.

೧೯೬೭ರ ಅಕ್ಟೋಬರ್ ೯ನೆಯ ತಾರೀಖು ಕಾಯಿದೆ ಜಾರಿಗೆ ಬಂದಿತು. ಮೊದಲ ಹನ್ನೆರಡು ತಿಂಗಳುಗಳಲ್ಲಿ, ಅದರ ಹಿಂದಿನ ಹನ್ನೆರಡು ತಿಂಗಳುಗಳಿಗಿಂತ, ಸತ್ತವರು ೧,೧೫೨ ಮಂದಿ ಕಡಮೆ. ಬಲವಾಗಿ ಗಾಯಗೊಂಡವರು ೧೧,೧೭೭ ಮಂದಿ ಕಡಮೆ. ಕನೆಕ್ಟಿಕಟ್ಟಿನ ಕಥೆಯನ್ನು ಕೇಳಿದ ನಾವು ಇಷ್ಟಕ್ಕೇ ತಲೆದೂಗಬೇಕಾದ್ದಿಲ್ಲ. ಮುಂದೆ ಅದೇ ರಾಸ್ ಅವರು ಜೊತೆಗಾರರೊಡನೆ ಸೇರಿ ಈ ಅಂಕಿಗಳನ್ನು ಗಂಟೆಗಂಟೆಯಾಗಿ ಬಿಡಿಸಿದರು. ಇಂಗ್ಲೆಂಡಿನಲ್ಲಿ ಪಾನಗೃಹಗಳು ತೆರೆಯುವ, ಮುಚ್ಚುವ ಹೊತ್ತುಗಳನ್ನು ಆಗ ಕಾನೂನೇ ಗೊತ್ತುಮಾಡಿದ್ದಿತು. ಬೆಳಗ್ಗೆ ಜನ ಕೆಲಸಕ್ಕೆ ಹೊರಡುವ ವೇಳೆಯಲ್ಲಿ ಅವು ಮುಚ್ಚಿರುತ್ತಿದ್ದವು. ಶುಕ್ರವಾರ, ಶನಿವಾರಗಳ ರಾತ್ರಿ ಹತ್ತು ಗಂಟೆಯ ಮೇಲೆ ಅಲ್ಲಿಂದ ಹೊರಬಿದ್ದವರು ರಸ್ತೆಗೆ ಇಳಿಯುತ್ತಿದ್ದರು. ಕಡಮೆಯಾದದ್ದು ಹವೆಯಿಂದಾಗಲಿ, ಹೊಸ ರಸ್ತೆಗಳಿಂದಾಗಲಿ, ಕೇವಲ ಅದೃಷ್ಟದಿಂದಾಗಲಿ ಬಂದದ್ದಾದರೆ ಎಲ್ಲ ಹೊತ್ತಿನಲ್ಲಿಯೂ ಒಂದೇ ಸಮನಾಗಿ ಇಳಿಯಬೇಕು. ಹಾಗಾಗಲಿಲ್ಲ. ಬೆಳಗಿನ ಹೊತ್ತಿನ ಅಪಘಾತಗಳು ಹೆಚ್ಚು ಕಡಮೆ ಇದ್ದಂತೆಯೇ ಇದ್ದವು. ವಾರದ ಕೊನೆಯ ರಾತ್ರಿಗಳಲ್ಲಿ ಸತ್ತವರು, ಬಲವಾಗಿ ಗಾಯಗೊಂಡವರು ಮಾತ್ರ ಮೊದಮೊದಲು ಸುಮಾರು ಮೂರನೆಯ ಎರಡು ಪಾಲಿನಷ್ಟು ಕಡಮೆಯಾದರು. ಕಾಯಿದೆಯ ಕೈ ಎಲ್ಲಿಗೆ ಚಾಚಿದ್ದಿತೋ ಅಲ್ಲಿಯೇ ಸಾವು ಹಿಂಜರಿದಿತ್ತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಕ್ಕುವುದು ಅಪರೂಪ.

ಇದರಿಂದ ಇಂಗ್ಲೆಂಡಿನವರು ಮದ್ಯವನ್ನು ಬಿಟ್ಟರೆಂದು ಯಾರೂ ಭಾವಿಸಬೇಕಾದ್ದಿಲ್ಲ. ಕುಡಿದವರು ಗಾಡಿಯನ್ನು ಬಿಟ್ಟು ನಡೆದು ಮನೆಗೆ ಹೋಗುವುದು ಹೆಚ್ಚಿತೆಂದು ವಿಚಾರಣೆಗಳಿಂದ ತಿಳಿದುಬಂದಿತು. ಕಾಯಿದೆಗೆ ಬೇಕಾದದ್ದೂ ಅಷ್ಟೇ ಆಗಿತ್ತು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ನಮ್ಮ ಪ್ರಕೃತ ವಿಚಾರಕ್ಕೆ ಮುಖ್ಯವಾದ ಭಾಗ ಮುಂದಿದೆ. ಮೂರು ನಾಲ್ಕು ವರ್ಷಗಳಲ್ಲಿ ಈ ಲಾಭ ಕರಗತೊಡಗಿತು. ಸತ್ತ ಚಾಲಕರಲ್ಲಿ ಮಿತಿಮೀರಿ ಕುಡಿದಿದ್ದವರ ಪ್ರಮಾಣ ಕಾಯಿದೆ ಬಂದೊಡನೆ ಇಳಿದಿದ್ದದ್ದು, ಏಳೆಂಟು ವರ್ಷಗಳೊಳಗೆ ಮೊದಲಿದ್ದುದನ್ನೂ ಮೀರಿ ಏರಿತು. ಕಾಯಿದೆಯ ಒಂದು ಅಕ್ಷರವೂ ಬದಲಾಗಿರಲಿಲ್ಲ. ಶಿಕ್ಷೆ ಒಂದು ದಿನವೂ ಕಡಮೆಯಾಗಿರಲಿಲ್ಲ. ಆದದ್ದೇನು? ಮೂಲ ಸಲಹೆಯಲ್ಲಿ ಪೋಲೀಸಿನವರು ಯಾವ ಚಾಲಕನನ್ನಾದರೂ ನಿಲ್ಲಿಸಿ ಪರೀಕ್ಷಿಸುವ ಅಧಿಕಾರವಿದ್ದಿತು. ಪ್ರಜೆಯ ಸ್ವಾತಂತ್ರ್ಯಕ್ಕೆ ಭಂಗವೆಂಬ ಕೂಗಿನಿಂದ ಅದನ್ನು ಕೈಬಿಟ್ಟು, ಅಪಘಾತವಾದಾಗ, ಸಂಚಾರದ ತಪ್ಪು ನಡೆದಾಗ, ಇಲ್ಲವೆ ಕುಡಿದಿರುವನೆಂಬ ಶಂಕೆಗೆ ಕಾರಣವಿದ್ದಾಗ ಮಾತ್ರ ಪರೀಕ್ಷೆಯೆಂದು ಮಾಡಿದ್ದರು. ಆದ್ದರಿಂದ ಪರೀಕ್ಷೆಗಳು ನಡೆದದ್ದು ಬಹಳ ವಿರಳ. ಮೊದಲ ವರ್ಷ ಪತ್ರಿಕೆಗಳೂ ಪ್ರಸಾರಗಳೂ ಎಬ್ಬಿಸಿದ ಸದ್ದಿನಲ್ಲಿ ಪ್ರತಿಯೊಬ್ಬ ಚಾಲಕನೂ ಮುಂದಿನ ತಿರುವಿನಲ್ಲಿಯೇ ಕೊಳವೆ ಕಾದಿದೆಯೆಂದು ನಂಬಿದ್ದನು. ತಿಂಗಳುಗಳು ಕಳೆದಂತೆ ತನ್ನನ್ನಾಗಲಿ, ತನ್ನ ಗೆಳೆಯರನ್ನಾಗಲಿ ಯಾರೂ ನಿಲ್ಲಿಸಲಿಲ್ಲವೆಂಬುದು ಅವನ ಅರಿವಿಗೆ ಬಂದಿತು. ಜೀವಗಳನ್ನು ಉಳಿಸುತ್ತಿದ್ದದ್ದು ಆ ನಂಬಿಕೆ. ನಂಬಿಕೆ ಹೋದೊಡನೆ ಜೀವಗಳೂ ಹೋಗತೊಡಗಿದವು.

ಇದು ಬರಿಯ ಊಹೆಯಲ್ಲವೆನ್ನುವುದಕ್ಕೆ ಆ ದೇಶದ ಚೆಷೈರ್ ಎಂಬ ಪ್ರಾಂತದಲ್ಲಿ ೧೯೭೫ರಲ್ಲಿ ನಡೆದುದೇ ಸಾಕ್ಷಿ. ಅಲ್ಲಿಯ ಪೋಲೀಸಿನವರು, ಹೊಸ ಕಾಯಿದೆಯ ನೆರವಿಲ್ಲದೆ, ಇದ್ದ ಕಾಯಿದೆಯನ್ನೇ ಕೊನೆಯಂಚಿನವರೆಗೆ ಎಳೆದು, ಅಪಘಾತದಲ್ಲಿಯೂ ಸಂಚಾರದ ತಪ್ಪಿನಲ್ಲಿಯೂ ಸಿಕ್ಕಿದ ಚಾಲಕರನ್ನೆಲ್ಲ ರಾತ್ರಿಯ ಹೊತ್ತು ಪರೀಕ್ಷಿಸತೊಡಗಿದರು. ಸುದ್ದಿ ಹಬ್ಬಿತು, ಅಪಘಾತಗಳು ಇಳಿದವು, ಕಾರ್ಯಕ್ರಮ ನಿಂತ ಮೇಲೆ ಮತ್ತೆ ಮೊದಲಿನಂತಾದವು.

ಬ್ರಿಟನ್ನು ಕೈಬಿಟ್ಟದ್ದನ್ನು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಸಂಸ್ಥಾನ ೧೯೮೨ರ ಡಿಸೆಂಬರ್ ೧೭ರಂದು ಕೈಗೆತ್ತಿಕೊಂಡಿತು. ಪೋಲೀಸಿನವರು ಹೆದ್ದಾರಿಯಲ್ಲಿ ಕಾಣುವಂತೆ ಗಾಡಿ ನಿಲ್ಲಿಸಿಕೊಂಡು, ಶಂಕೆಯ ಮಾತೇ ಇಲ್ಲದೆ, ಬಂದವರನ್ನು ಊದಿಸತೊಡಗಿದರು. ಮೊದಲ ವರ್ಷದಲ್ಲಿಯೇ ಸುಮಾರು ಹತ್ತು ಲಕ್ಷ ಪರೀಕ್ಷೆಗಳಾದವು. ಎಂದರೆ ಲೈಸೆನ್ಸುಳ್ಳವರಲ್ಲಿ ಮೂವರಿಗೆ ಒಬ್ಬರಂತೆ. ೧೯೮೨ರಲ್ಲಿ ೧,೨೫೩ ಇದ್ದ ಸಾವುಗಳು ೧೯೮೩ರಲ್ಲಿ ೯೬೬ಕ್ಕೆ ಇಳಿದವು. ಅದಕ್ಕಿಂತ ಮುಖ್ಯವೆಂದರೆ, ಪರೀಕ್ಷೆಗಳನ್ನು ವರ್ಷವರ್ಷವೂ ಹಾಗೆಯೇ ನಡೆಸಿಕೊಂಡು ಬಂದುದರಿಂದ, ಬ್ರಿಟನ್ನಿನಲ್ಲಿ ಕರಗಿದಂತೆ ಇಲ್ಲಿ ಲಾಭ ಕರಗಲಿಲ್ಲ. ಕಾರಿನಲ್ಲಿ ಕುಳಿತವನು ತಾನು ಸಿಕ್ಕಿಬೀಳದಿದ್ದರೂ, ಸಿಕ್ಕಿಬಿದ್ದವರನ್ನು ತಿಂಗಳಿಗೊಮ್ಮೆಯಾದರೂ ಕಣ್ಣಾರೆ ಕಾಣುತ್ತಿದ್ದನು.

ಇನ್ನು ಶಿಕ್ಷೆಯ ಭಾರವೊಂದನ್ನೇ ಹೆಚ್ಚಿಸಿದರೆ ಏನಾಗುತ್ತದೆ? ೧೯೭೦ರ ಕ್ರಿಸ್ಮಸ್ ಕಾಲದಲ್ಲಿ ಷಿಕಾಗೋ ನಗರದ ಸಂಚಾರ ನ್ಯಾಯಸ್ಥಾನದವರು, ಕುಡಿದು ಗಾಡಿ ನಡೆಸಿದವರಿಗೆ ಏಳು ದಿನದ ಸೆರೆವಾಸ ತಪ್ಪದೆಂದು ಸಾರಿದರು. ಪರಿಶೀಲಿಸಿದವರು ನೆರೆಯ ಮಿಲ್ವಾಕೀ ನಗರದ ಅಂಕಿಗಳೊಡನೆ ಇದನ್ನು ಹೋಲಿಸಿ ನೋಡಿದರು. ಅಂಥ ಪ್ರಕಟಣೆಯೇ ಇಲ್ಲದ ಮಿಲ್ವಾಕೀಗಿಂತ ಷಿಕಾಗೋ ಏನೂ ಮೇಲಾಗಿರಲಿಲ್ಲ. ಸಿಕ್ಕಿಬೀಳುವ ಸಂಭವ ಸಾವಿರಕ್ಕೆ ಒಂದೂ ಇಲ್ಲವೆಂದು ಬಲ್ಲವನಿಗೆ ಏಳು ದಿನವಾದರೇನು, ಎಪ್ಪತ್ತು ದಿನವಾದರೇನು? ಇಲ್ಲಿ ಕನೆಕ್ಟಿಕಟ್ಟಿನ ಆ ಇನ್ನೊಂದು ಸಂಗತಿಯನ್ನು ಜ್ಞಾಪಿಸಿಕೊಳ್ಳಬೇಕು. ಶಿಕ್ಷೆ ಭಾರವಾದಷ್ಟೂ ಅದನ್ನು ವಿಧಿಸುವ ಕೈ ನಡುಗುತ್ತದೆ. ಸಣ್ಣ ತಪ್ಪಿಗೆ ಸಂಸಾರದ ಅನ್ನ ಕೀಳುವ ದಂಡವೆಂದು ತೋರಿದಾಗ ಪೋಲೀಸಿನವನು ಎಚ್ಚರಿಕೆ ಹೇಳಿ ಕಳುಹಿಸುತ್ತಾನೆ, ಇಲ್ಲವೆ ಬೇರೊಂದು ರೀತಿಯಲ್ಲಿ ರಾಜಿಯಾಗುತ್ತಾನೆ. ನ್ಯಾಯಾಧೀಶರು ಸಂಶಯದ ಲಾಭವನ್ನು ಕೊಡುತ್ತಾರೆ. ಹೀಗೆ ದಂಡದ ಭಾರವೇ ದಂಡದ ನಿಶ್ಚಯವನ್ನು ತಿಂದುಹಾಕುವುದುಂಟು.

ಎಲ್ಲ ತಪ್ಪುಗಳೂ ಮದ್ಯದಂತೆ ಒಳಗೆ ಅಡಗಿರುವಂಥವಲ್ಲ. ಬರಿದಲೆಯ ಸವಾರನು ಅರ್ಧ ಫರ್ಲಾಂಗಿನಿಂದಲೇ ಕಾಣುತ್ತಾನೆ. ಅವನನ್ನು ಹಿಡಿಯಲು ಕೊಳವೆ ಬೇಡ, ರಕ್ತ ಬೇಡ. ಆದಕಾರಣವೇ ಹೆಲ್ಮೆಟ್ಟಿನ ಕಾಯಿದೆಗಳು ಬಹಳ ಬೇಗ ಫಲ ಕೊಟ್ಟಿವೆ. ವಿಯೆಟ್ನಾಮಿನಲ್ಲಿ ೨೦೦೭ರ ಡಿಸೆಂಬರ್ ೧೫ರಿಂದ ಎಲ್ಲ ರಸ್ತೆಗಳಲ್ಲಿಯೂ ಮೋಟಾರು ಸೈಕಲಿನ ಸವಾರನಿಗೂ ಹಿಂದೆ ಕುಳಿತವನಿಗೂ ಹೆಲ್ಮೆಟ್ಟು ಕಡ್ಡಾಯವಾಯಿತು. ಜುಲ್ಮಾನೆಯನ್ನು ಹತ್ತರಷ್ಟು ಮಾಡಿದ್ದರು. ಪೋಲೀಸಿನವರನ್ನು ಎಲ್ಲ ಕಡೆಯೂ ನಿಲ್ಲಿಸಿದ್ದರು. ಕೆಲವು ದಿನಗಳಲ್ಲಿಯೇ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ತಲೆಗಳು ಮುಚ್ಚಿದವು. ಇಪ್ಪತ್ತು ಆಸ್ಪತ್ರೆಗಳ ಲೆಕ್ಕವನ್ನು ಕಾಯಿದೆಯ ಹಿಂದಿನ ಮೂರು ತಿಂಗಳು, ಮುಂದಿನ ಮೂರು ತಿಂಗಳು ಹೋಲಿಸಿದಾಗ, ರಸ್ತೆಯಲ್ಲಿ ಗಾಯಗೊಂಡು ಬಂದವರಲ್ಲಿ ತಲೆಗೆ ಪೆಟ್ಟಾಗುವ ಸಂಭವ ನೂರಕ್ಕೆ ೧೬ರಷ್ಟೂ, ಸಾಯುವ ಸಂಭವ ೧೮ರಷ್ಟೂ ಕಡಮೆಯಾಗಿದ್ದಿತು. ಅಲ್ಲಿಯೂ ಒಂದು ಕಂಡಿ ಉಳಿದಿತ್ತು. ಮಕ್ಕಳಿಗೆ ಜುಲ್ಮಾನೆ ಹಾಕುವಂತಿರಲಿಲ್ಲ. ಹೆಲ್ಮೆಟ್ಟಿನ ಭಾರಕ್ಕೆ ಎಳೆಯ ಕತ್ತು ನೋಯುವುದೆಂಬ ಭಯವೂ ತಂದೆತಾಯಿಗಳಿಗೆ ಇದ್ದಿತು. ತಂದೆಯ ತಲೆಗೆ ಹೆಲ್ಮೆಟ್ಟು, ಮುಂದೆ ಕುಳಿತ ಮಗುವಿನ ತಲೆ ಬಯಲು! ಮಗುವನ್ನು ಕರೆದೊಯ್ಯುವ ದೊಡ್ಡವರನ್ನೇ ಹೊಣೆಮಾಡುವ ನಿಬಂಧನೆ ಬಂದದ್ದು ೨೦೧೦ರಲ್ಲಿ. ಜುಲ್ಮಾನೆಗೆ ಹೆದರಿ ಅಗ್ಗದ, ಬಿದ್ದರೆ ಒಡೆಯುವ ಟೋಪಿಗಳನ್ನು ಕೊಳ್ಳುವ ಚಾಳಿಯೂ ಅಲ್ಲಿ ಬೆಳೆಯಿತು. ಅದು ನಮ್ಮ ಬೀದಿಗಳಿಗೂ ಹೊಸದಲ್ಲ.

ನಮ್ಮ ದೇಶದ ಮೋಟಾರು ವಾಹನ ಕಾಯಿದೆಯ ತಿದ್ದುಪಡಿ ೨೦೧೯ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದಿತು. ಕುಡಿದು ನಡೆಸಿದವರಿಗೆ ಎರಡು ಸಾವಿರವಿದ್ದ ಜುಲ್ಮಾನೆ ಹತ್ತು ಸಾವಿರವಾಯಿತು. ಹೆಲ್ಮೆಟ್ಟಿಲ್ಲದವರಿಗೆ ನೂರಿದ್ದದ್ದು ಸಾವಿರವಾಯಿತು. ಆ ತಿಂಗಳು ಕಳೆಯುವುದರೊಳಗೆ ಕರ್ನಾಟಕವೂ ಇತರ ಕೆಲವು ರಾಜ್ಯಗಳೂ ದರಗಳನ್ನು ಇಳಿಸಿಕೊಂಡವು. ನಮ್ಮಲ್ಲಿ ಹೆಲ್ಮೆಟ್ಟಿನ ಸಾವಿರ ಐನೂರಾಯಿತು. ಸರ್ಕಾರ ಪ್ರಕಟಿಸಿದ ವರದಿಗಳಂತೆ ದೇಶದಲ್ಲಿ ರಸ್ತೆಯಲ್ಲಿ ಸತ್ತವರು ೨೦೧೮ರಲ್ಲಿ ೧,೫೧,೪೧೭, ೨೦೧೯ರಲ್ಲಿ ೧,೫೧,೧೧೩, ೨೦೨೦ರಲ್ಲಿ ೧,೩೧,೭೧೪, ೨೦೨೨ರಲ್ಲಿ ೧,೬೮,೪೯೧. ಇವುಗಳಲ್ಲಿ ೨೦೨೦ರ ಇಳಿತವನ್ನು ಕಾಯಿದೆಗೆ ಬರೆಯುವವರಿದ್ದರೆ, ಆ ವರ್ಷ ಸಾಂಕ್ರಾಮಿಕದಿಂದ ರಸ್ತೆಗಳೇ ಬರಿದಾಗಿದ್ದವೆಂಬುದನ್ನು ಅವರಿಗೆ ಜ್ಞಾಪಿಸಬೇಕು. ೨೦೨೨ರ ಏರಿಕೆಯನ್ನು ತೋರಿಸಿ ಕಾಯಿದೆ ಸೋತಿತೆನ್ನುವವರಿಗೂ ವಾಹನಗಳು ಹೆಚ್ಚಿದ್ದನ್ನು ಹೇಳಬೇಕು. ಆದರೆ ಅದೇ ೨೦೨೨ರ ವರದಿಯಲ್ಲಿ ಒಂದು ಅಂಕಿಯಿದೆ: ಆ ವರ್ಷ ಸತ್ತವರಲ್ಲಿ ೫೦,೦೨೯ ಮಂದಿ ಹೆಲ್ಮೆಟ್ಟು ಧರಿಸದೆ ಹೋಗುತ್ತಿದ್ದವರು. ಜುಲ್ಮಾನೆ ಐದರಷ್ಟೋ ಹತ್ತರಷ್ಟೋ ಏರಿ ಮೂರು ವರ್ಷವಾದ ಮೇಲಿನ ಮಾತಿದು. ದೂರದಿಂದ ಕಾಣುವ ತಪ್ಪನ್ನೂ ಕಾಣುವವರು ಅಲ್ಲಿರಲಿಲ್ಲವೆಂದೇ ಅರ್ಥಮಾಡಿಕೊಳ್ಳಬೇಕಾಗುತ್ತದೆ. ವೃತ್ತದಲ್ಲಿ ಪೋಲೀಸಿನವರು ನಿಂತಿರುವರೆಂದು ಬಲ್ಲ ಸವಾರನು ಅಲ್ಲಿಗೆ ಮೊದಲು ಕೈಹಿಡಿಗೆ ತೂಗಿಸಿಕೊಂಡ ಹೆಲ್ಮೆಟ್ಟನ್ನು ತಲೆಗೇರಿಸಿ, ವೃತ್ತ ದಾಟಿದೊಡನೆ ಇಳಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಅವನಿಗೆ ಕಾಯಿದೆಯ ಉದ್ದ ನೂರು ಗಜ.

ನಮಗೆ ಹತ್ತಿರವಾದ ಒಂದು ರಸ್ತೆಯ ಮಾತನ್ನು ಹೇಳದೆ ಬಿಡುವುದು ಸರಿಯಲ್ಲ. ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯ ಪ್ರಾರಂಭೋತ್ಸವ ೨೦೨೩ರ ಮಾರ್ಚ್ ತಿಂಗಳಲ್ಲಿ ಆಯಿತು. ಆ ವರ್ಷ ಅದರ ಮೇಲೆ ನೂರಕ್ಕಿಂತ ಹೆಚ್ಚು ಮಂದಿ ಸತ್ತರು. ಆಗಸ್ಟ್ ೧ರಿಂದ ಮುಖ್ಯ ಮಾರ್ಗದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರಾಕ್ಟರುಗಳನ್ನೂ ನಿಷೇಧಿಸಿದರು. ವೇಗ ಅಳೆಯುವ ಯಂತ್ರಗಳು ಬಂದವು. ೨೦೨೪ರಲ್ಲಿ ಸಾಲಾಗಿ ಕ್ಯಾಮರಾಗಳನ್ನು ನಿಲ್ಲಿಸಿ, ಗಂಟೆಗೆ ನೂರು ಕಿಲೋಮೀಟರು ಮೀರಿದವನಿಗೆ ಮನೆ ಸೇರುವ ಮೊದಲೇ ಜುಲ್ಮಾನೆಯ ಸುದ್ದಿ ಫೋನಿಗೆ ತಲಪುವಂತೆ ಮಾಡಿದರು. ಜುಲ್ಮಾನೆಯ ಮೊತ್ತ ಹೆಚ್ಚಲಿಲ್ಲ. ಅದು ಬಂದೇ ಬರುವುದೆಂಬುದು ಹೊಸದು. ಸಾವುಗಳು ೨೦೨೪ರಲ್ಲಿ ಬಹಳವಾಗಿ ಇಳಿದವು. ನಾವು ಇಷ್ಟು ಹೊತ್ತು ಹೇಳಿದ್ದಕ್ಕೆ ಇದು ಸಾಕ್ಷಿಯೆಂದು ಕುಣಿದಾಡುವ ಆಸೆ ನಮಗೂ ಆಗುತ್ತದೆ. ಆದರೆ ಕನೆಕ್ಟಿಕಟ್ಟಿನ ಲೆಕ್ಕಿಗರು ಪಕ್ಕದಲ್ಲಿ ಕುಳಿತಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆಗಳು ಬೇರೆ: ಹೊಸ ರಸ್ತೆಯ ಮೊದಲ ವರ್ಷವನ್ನು ಸಾಧಾರಣ ವರ್ಷವೆಂದು ಹಿಡಿಯಬಹುದೆ? ಕ್ಯಾಮರಾದ ಪಾಲೆಷ್ಟು, ನಿಷೇಧದ ಪಾಲೆಷ್ಟು? ಮುಖ್ಯ ಮಾರ್ಗದಿಂದ ಹೊರಬಿದ್ದ ಸ್ಕೂಟರು, ಆಟೋ, ಟ್ರಾಕ್ಟರುಗಳೆಲ್ಲ ಪಕ್ಕದ ಸರ್ವೀಸ್ ರಸ್ತೆಗೆ ಇಳಿದವಷ್ಟೆ. ಬಿಡದಿ, ಚನ್ನಪಟ್ಟಣ, ಮದ್ದೂರುಗಳ ಬಳಿ ಆ ರಸ್ತೆಯಲ್ಲಿ ಸತ್ತವರನ್ನೂ ಅದೇ ಪುಟದಲ್ಲಿ ಬರೆದು ಕೂಡಿಸಿದಲ್ಲದೆ ಈ ಹೆದ್ದಾರಿಯ ಲೆಕ್ಕ ಮುಗಿಯುವುದಿಲ್ಲ.